‘ಗುರಿ ಸರಿ ಮಾಡು’ ಅಂದರೆ ಯಾವುದನ್ನು? ಒಂದು ಪದ ಬೇಕಾಗಿದೆ

ಎಲ್ಲರಿಗೂ ನಮಸ್ಕಾರ. ನಾನಿರುವುದು ಅಮೆರಿಕದ ಮಿಷಿಗನ್‌ನಲ್ಲಿ. ಇಲ್ಲಿ ಕೋವಿಯಿಂದ ಜಿಂಕೆ ಬೇಟೆಯಾಡುವ ಕಾಲ ನವೆಂಬರ್ 15ಕ್ಕೆ ಶುರುವಾಗಿ 30ಕ್ಕೆ ಮುಗಿಯುತ್ತದೆ. ಅದಕ್ಕೆ ಕೆಲವು ವಾರ ಮೊದಲೇ ರೈಫಲ್ ತೆಗೆದುಕೊಂಡು ಶೂಟಿಂಗ್ ರೇಂಜಿಗೆ ಹೋಗುತ್ತೇವೆ.

ಹೋದ ವರ್ಷ ಮಗಳಿಗೆ ‘ಗುರಿ ಸರಿ ಮಾಡು’ ಅಂದೆ. ಅವಳು ಪಾಪ, ಭುಜ ಸರಿ ಮಾಡಿಕೊಂಡಳು, ಉಸಿರು ಹಿಡಿದಳು. ನಾನು ಹೇಳಿದ್ದು ಸ್ಕೋಪಿನ ಬಗ್ಗೆ, ಅಂದರೆ ಕೋವಿಯ ಮೇಲೆ ಕೂರಿಸಿದ, ಗುರಿ ನೋಡುವ ದುರ್ಬೀನಿನ ಬಗ್ಗೆ!

100 ಗಜ ದೂರದ ಕಾಗದಕ್ಕೆ, ಕೋವಿಯನ್ನು ಮರಳಿನ ಚೀಲದ ಮೇಲೆ ಊರಿ, ಮೂರು ಗುಂಡು ಹೊಡೆಯುತ್ತೇವೆ. ಮೂರೂ ಒಂದೇ ಕಡೆ ಒತ್ತಾಗಿ ಬಿದ್ದಿವೆ, ಆದರೆ ನಡುವಿನಿಂದ ಎರಡು ಇಂಚು ಎಡಕ್ಕೆ. ಆಗ ಕೈ ಚೆನ್ನಾಗಿಯೇ ಇದೆ, ಸ್ಕೋಪ್ ತಪ್ಪಿದೆ ಎಂದರ್ಥ. ಇಂಥ ಸ್ಕೋಪುಗಳಲ್ಲಿ ತಿರುಪನ್ನು ಒಂದು ‘ಟಿಕ್’ ತಿರುಗಿಸಿದರೆ ಆ ದೂರದಲ್ಲಿ ಗುಂಡು ಬೀಳುವ ಜಾಗ ಸಾಮಾನ್ಯವಾಗಿ ಕಾಲು ಇಂಚು ಸರಿಯುತ್ತದೆ. ಅಂದರೆ ಬಲಕ್ಕೆ ಎಂಟು ಟಿಕ್. ಇದನ್ನು ಇಲ್ಲಿಯವರು ‘ಝೀರೋ ಮಾಡೋದು’ ಅನ್ನುತ್ತಾರೆ. ಇದು ಕೋವಿಗೆ ಮಾಡುವ ಕೆಲಸ. ಹೊಡೆಯುವವರ ಅಭ್ಯಾಸ ಬೇರೆಯೇ. ಎರಡೂ ಕೂಡಿದರೆ ಮಾತ್ರ ಗುಂಡು ಜಿಂಕೆಯ ಮುಂಗಾಲಿನ ಹಿಂದೆ, ಶ್ವಾಸಕೋಶಕ್ಕೆ ತಾಗುತ್ತದೆ. ಇಲ್ಲದಿದ್ದರೆ ಅದು ಗಾಯಗೊಂಡು ಓಡಿ, ಎಲ್ಲೋ ನರಳಿ ಸಾಯುತ್ತದೆ. ಹಾಗಾಗಿ ಈ ಎರಡಕ್ಕೂ ಬೇರೆ ಬೇರೆ ಮಾತು ಬೇಕು.

ಅಭ್ಯಾಸಕ್ಕೆ ನಮ್ಮ ಮಲೆನಾಡಿನಲ್ಲೇ ಪದ ಇದೆ. ಗುಂಡು ಹಾರಿಸುವುದು ‘ಈಡು ಹೊಡೆಯೋದು’, ಹೊಡೆಯುವವನು ‘ಈಡುಗಾರ’. ಆದ್ದರಿಂದ ‘ಈಡುಗಾರಿಕೆ’. ‘ಗುರಿಕಾರ’ ನನಗೆ ಒಪ್ಪಿಗೆಯಾಗಲಿಲ್ಲ, ನಮ್ಮ ಕಡೆ ಅದು ಸಮುದಾಯದ ಮುಖಂಡ.

ಝೀರೋಗೆ ನನಗೆ ತೋಚಿದ್ದು ‘ಗುರಿಗೂಡಿಸು’. ಹಾಡುವ ಮೊದಲು ತಂಬೂರಿ ಶ್ರುತಿಗೂಡಿಸುತ್ತೇವೆ, ಅಲ್ವಾ? ಹಾಗೆಯೇ ಕಣ್ಣು ಇಟ್ಟ ಜಾಗವನ್ನೂ ಗುಂಡು ಬೀಳುವ ಜಾಗವನ್ನೂ ಕೂಡಿಸುವುದು. ಕಿವಿಗೆ ಹೇಗೆ ಕೇಳಿಸುತ್ತದೆ ಹೇಳಿ.

ಇನ್ನೊಂದು. ಎನ್‌ಸಿಸಿಯಲ್ಲಿ ಗುರಿ ಹಿಡಿಯುವುದಕ್ಕೆ ಹಿಂದಿಯಲ್ಲಿ ‘ಶಿಸ್ತ್ ಲೇನಾ’ ಅನ್ನುತ್ತಿದ್ದರು. ನಮ್ಮ ‘ಶಿಸ್ತು’ ಪದವನ್ನು ಈ ಅರ್ಥದಲ್ಲಿ ಹಿರಿಯರು ಯಾರಾದರೂ ಆಡಿದ್ದು ಕೇಳಿದ್ದೀರಾ?

ಕೊಡಗಿನವರಿಗೆ ವಿಶೇಷವಾಗಿ ಕೇಳುತ್ತೇನೆ. ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಮೊದಲು ಕೋವಿ ಎಡಕ್ಕೆ ಎಳೆಯುತ್ತದೋ ಬಲಕ್ಕೋ ಎಂದು ನೋಡಿಕೊಳ್ಳುತ್ತೀರಲ್ಲ, ಅದಕ್ಕೆ ಮನೆಯಲ್ಲಿ ಏನನ್ನುತ್ತೀರಿ?