ಮರಳುಗಾಡಿನ ಫೋಟೊ ಶಾರ್ಪ್ ಬರ್ತಿಲ್ಲ, ಲೆನ್ಸ್ ಬದಲಿಸಬೇಕಾ?

ಪ್ರಶ್ನೆ:
24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ ಕ್ಯಾಮೆರಾ. ಟ್ರೈಪಾಡ್ ಮೇಲಿಟ್ಟು ಐಎಸ್ಒ 100, ಎಫ್/22ರಲ್ಲಿ ಮಧ್ಯಾಹ್ನ ತೆಗೆದ ಜೆಪೆಗ್‌ಗಳು. ಜೂಮ್ ಮಾಡಿ ನೋಡಿದರೆ ಹತ್ತಿರದ ಮರಳು ಸವರಿದ ಹಾಗಿದೆ. 200 ಎಂಎಂನಲ್ಲಿ ತೆಗೆದ ದೂರದ ದಿಬ್ಬಗಳ ಅಂಚು ಕಲಸಿಹೋಗಿದೆ. ಲೆನ್ಸ್‌ನದೇ ತೊಂದರೆಯಾ?

ಉತ್ತರ:
ಲೆನ್ಸ್‌ಗೆ ಈಗಲೇ ದುಡ್ಡು ಹಾಕಬೇಡಿ. ಹತ್ತಿರದ್ದು, ದೂರದ್ದು ಎರಡೂ ಬೇರೆ ಬೇರೆ ತೊಂದರೆ ಅನ್ನಿಸುತ್ತೆ.

ಮೊದಲು ಹತ್ತಿರದ ಮರಳು. ಎಫ್ ಪಕ್ಕದ ಸಂಖ್ಯೆ ದೊಡ್ಡದಾದಷ್ಟೂ ಲೆನ್ಸ್ ಕಿಂಡಿ ಸಣ್ಣದಾಗುತ್ತದೆ, ಎಫ್/22ರಷ್ಟು ಸಣ್ಣ ಕಿಂಡಿಯಲ್ಲಿ ಬೆಳಕು ಹರಡಿಕೊಳ್ಳುತ್ತದೆ. ಒಂದು ಚುಕ್ಕೆ ಸೆನ್ಸರ್ (ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಫಲಕ) ಮೇಲೆ ಸುಮಾರು 30 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಅಗಲ ಆಗುತ್ತದೆ. ನಿಮ್ಮ ಸೆನ್ಸರ್‌ನ ಒಂದು ಪಿಕ್ಸೆಲ್ ಸುಮಾರು 4 ಮೈಕ್ರಾನ್ ಅಷ್ಟೇ. ಇನ್ನು ಮರಳಿನ ಕಣ ಎಲ್ಲಿ ಉಳಿಯುತ್ತೆ ಹೇಳಿ? ಎಫ್/8ರಲ್ಲಿ ಅದೇ ಚುಕ್ಕೆ 11 ಮೈಕ್ರಾನ್‌ಗೆ ಇಳಿಯುತ್ತದೆ. ಮುಂದಿನಿಂದ ಹಿಂದಿನವರೆಗೂ ಶಾರ್ಪ್ ಬೇಕಿದ್ದರೆ ಎಫ್/8ರಲ್ಲೇ ಹತ್ತಿರಕ್ಕೊಂದು, ನಡುವೆ ಒಂದು, ದೂರಕ್ಕೊಂದು ಫೋಕಸ್ ಮಾಡಿ ತೆಗೆದು, ಆಮೇಲೆ ಆ ಫೋಟೊಗಳನ್ನು ಕಂಪ್ಯೂಟರಿನಲ್ಲಿ ಒಂದಾಗಿ ಜೋಡಿಸಿ.

ಜೆಪೆಗ್ ಕೂಡ ಕಾರಣ ಇರಬಹುದು. ಮರಳಿನ ಸಣ್ಣ ಏರಿಳಿತವನ್ನು ಕ್ಯಾಮೆರಾ ನಾಯ್ಸ್ (ಫೋಟೊದಲ್ಲಿ ಬರುವ ಬೇಡದ ಚುಕ್ಕೆಗಳು) ಅಂದುಕೊಂಡು ಒರೆಸಿಬಿಡುತ್ತದೆ. ರಾ (RAW) ಫೈಲಿನಲ್ಲಿ ತೆಗೆಯಿರಿ, ಅಂದರೆ ಕ್ಯಾಮೆರಾ ತಿದ್ದದೆ ಹಾಗೇ ಉಳಿಸುವ ಫೈಲು.

ದೂರದ ದಿಬ್ಬಕ್ಕೆ ಬಿಸಿಲ ಝಳದ ಮೇಲೆ ನನಗೆ ಅನುಮಾನ. ಒಂದೇ ಫ್ರೇಮಿನ ಮೂರ್ನಾಲ್ಕು ಶಾಟ್ ಇದ್ದರೆ ಪಕ್ಕಪಕ್ಕ ಇಟ್ಟು ನೋಡಿ.

ಪ್ರಶ್ನೆ ಕೇಳಿದವರು:
ನೋಡಿದೆ. ಒಂದರಲ್ಲಿ ದಿಬ್ಬದ ಎಡ ಅಂಚು ಚೆನ್ನಾಗಿದೆ, ಮುಂದಿನದರಲ್ಲಿ ಅದೇ ಅಂಚು ಅಲೆಅಲೆಯಾಗಿದೆ.

ಉತ್ತರ:
ಹಾಗಾದರೆ ಝಳವೇ. ಲೆನ್ಸ್ ಕೆಟ್ಟಿದ್ದರೆ ಎಲ್ಲ ಶಾಟ್‌ನಲ್ಲೂ ಒಂದೇ ಜಾಗ ಮಸುಕಾಗಿರುತ್ತಿತ್ತು. ಟ್ರೈಪಾಡ್ ಅಲುಗಿದ್ದರೆ ಇಡೀ ಫ್ರೇಮ್ ಒಂದೇ ದಿಕ್ಕಿಗೆ ಎಳೆದ ಹಾಗಿರುತ್ತಿತ್ತು. ಕಾದ ನೆಲದ ಮೇಲೆ ಬಿಸಿಗಾಳಿ, ತಣ್ಣನೆಯ ಗಾಳಿ ಬೆರೆಯುತ್ತಾ ಇರುತ್ತದೆ, ಅದರಲ್ಲಿ ಹಾದು ಬರುವ ಬೆಳಕು ಅತ್ತಿತ್ತ ಬಾಗುತ್ತದೆ. ಎಷ್ಟು ದುಬಾರಿ ಲೆನ್ಸ್ ಹಾಕಿದರೂ ಇದು ಹೋಗಲ್ಲ. ಜೂಮ್ ಜಾಸ್ತಿ ಆದಷ್ಟೂ ಇನ್ನೂ ಎದ್ದು ಕಾಣುತ್ತದೆ.

ಸೂರ್ಯ ಹುಟ್ಟುವ ಹೊತ್ತಿಗೆ ಹೋಗಿ. ನೆಲ ಇನ್ನೂ ಕಾದಿರುವುದಿಲ್ಲ. ಬೆಳಕು ಓರೆಯಾಗಿ ಬೀಳುವುದರಿಂದ ಮರಳಿನ ಒಂದೊಂದು ಗೆರೆಗೂ ನೆರಳು ಮೂಡುತ್ತದೆ, ನಡು ಮಧ್ಯಾಹ್ನ ಅದು ಸಿಗೋದೇ ಇಲ್ಲ. ಟ್ರೈಪಾಡ್ ಕಾಲುಗಳನ್ನು ಇನ್ನು ಇಳಿಯಲ್ಲ ಅನ್ನುವವರೆಗೂ ಮರಳಿಗೆ ಒತ್ತಿ, 2 ಸೆಕೆಂಡ್ ಟೈಮರ್ ಹಾಕಿ. ದಯವಿಟ್ಟು ಅಲ್ಲಿ ಲೆನ್ಸ್ ಬಿಚ್ಚಬೇಡಿ, ಕ್ಯಾಮೆರಾದೊಳಗೆ ಮರಳು ಹೋಗುತ್ತೆ. ಯಾವುದು ಬೇಕೋ ಅದನ್ನು ಹೊರಡುವ ಮೊದಲೇ ಹಾಕಿಕೊಳ್ಳಿ.