ಸೇತುವೆ ಜಾಯಿಂಟ್ ಮೇಲೆ ಕ್ರೂಸ್ ಕಟ್ ಆಗ್ತಿದೆ: ಅನುಭವ ಇರೋರು ಹೇಳಿ

ಮಂಡ್ಯ ಮೈಲೇಜ್ (ಪ್ರಶ್ನೆ)
2018ರ ಡೀಸೆಲ್ ಸೆಡಾನ್, ಮ್ಯಾನ್ಯುಯಲ್ ಗೇರ್. ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ ಕ್ರೂಸ್ ಕಂಟ್ರೋಲ್ (ಆಕ್ಸಿಲರೇಟರ್ ಒತ್ತದೆ ಒಂದೇ ವೇಗ ಹಿಡಿಯೋದು) 90ಕ್ಕೆ ಸೆಟ್ ಮಾಡಿದ್ರೆ ಹಿಡಿಯುತ್ತೆ. ಸೇತುವೆ ಜಾಯಿಂಟ್ ಹಾರಿದ ತಕ್ಷಣ ಕಟ್. ರೆಸ್ಯೂಮ್ ಒತ್ತಿದ್ರೆ ಮತ್ತೆ ಹಿಡಿಯುತ್ತೆ. ಹಾರ್ನ್, ಆಡಿಯೋ ಬಟನ್ ಸರಿ ಇವೆ, ಚೆಕ್ ಇಂಜಿನ್, ಏರ್‌ಬ್ಯಾಗ್, ಎಬಿಎಸ್ ದೀಪ ಯಾವುದೂ ಹತ್ತಿಲ್ಲ. ಸರ್ವಿಸ್ ಸೆಂಟರ್‌ನವರು ಕ್ಲಾಕ್ ಸ್ಪ್ರಿಂಗ್ (ಸ್ಟೀರಿಂಗ್ ಬಟನ್, ಹಾರ್ನ್, ಏರ್‌ಬ್ಯಾಗಿಗೆ ಕನೆಕ್ಷನ್ ಕೊಡೋ ಸುರುಳಿ ರಿಬ್ಬನ್) ಅಂತ 12,400ರ ಎಸ್ಟಿಮೇಟ್ ಕೊಟ್ಟಿದ್ದಾರೆ. ಮಾಡಿಸ್ಲಾ?

ಐದನೇ ಗೇರ್
ಯೋಚನೆ ಮಾಡದೆ ಮಾಡಿಸಿ. ನಮ್ಮ ಗಾಡೀಲೂ ಹೋಗಿದ್ದು ಅದೇ. ಪಾರ್ಟ್ 9,850, ಅದರ ಮೇಲೆ ಆಗಿನ 28% ಜಿಎಸ್‌ಟಿ 2,758, ಲೇಬರ್ 1,400, ಲೇಬರ್ ಮೇಲೆ 18% ಅಂತ 252. ಒಟ್ಟು 14,260. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಕ್ಕೂ 18% ಆಗಿದೆ, ನಿಮಗೆ ಅಷ್ಟಾದ್ರೂ ಉಳಿಯುತ್ತೆ.
ಹಾಕುವಾಗ ಪಕ್ಕದಲ್ಲೇ ನಿಂತಿರಿ. ಚಕ್ರ ನೇರ ಇರಬೇಕು. ಬ್ಯಾಟರಿ ನೆಗೆಟಿವ್ ಕಳಚಿ, ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟು ಹೊತ್ತು ಕಾದ ಮೇಲೇ ಏರ್‌ಬ್ಯಾಗ್ ಮುಟ್ಟಬೇಕು. ಹೊಸ ಸ್ಪ್ರಿಂಗ್ ಮೇಲಿನ ಲಾಕ್ ಟೇಪನ್ನು ಅದು ಜಾಗದಲ್ಲಿ ಕೂರೋ ತನಕ ಕೀಳಬಾರದು. ಕೈಯಲ್ಲಿ ಹಿಡ್ಕೊಂಡು ಒಂದು ಸುತ್ತು ತಿರುಗಿಸಿಬಿಟ್ರೆ ಸೆಂಟರ್ ತಪ್ಪುತ್ತೆ, ಸ್ಟೀರಿಂಗ್ ಕೊನೆವರೆಗೂ ತಿರುಗಿಸಿದ ದಿನ ಒಳಗಿನ ರಿಬ್ಬನ್ ಹರಿಯುತ್ತೆ. ಸ್ಟೀರಿಂಗ್ ಆ್ಯಂಗಲ್ ಸೆನ್ಸರ್ ಅದರಲ್ಲೇ ಸೇರಿದ್ರೆ ಸ್ಕ್ಯಾನರ್ ಹಾಕಿಸಿ ಝೀರೋ ಮಾಡಿಸಿ, ಇಲ್ಲಾಂದ್ರೆ ಇಎಸ್‌ಪಿ (ಗಾಡಿ ಜಾರದಂತೆ ತಡೆಯೋ ವ್ಯವಸ್ಥೆ) ದೀಪ ಹತ್ತಿಕೊಳ್ಳುತ್ತೆ.

ಧಾರವಾಡ ಡೀಸೆಲ್
ಪ್ರಶ್ನೆ ಓದೀರೇನ್ರೀ? ಹಾರ್ನ್ ಸರಿ ಐತಿ, ರೆಸ್ಯೂಮ್ ಬಟನ್ ಕೆಲಸ ಮಾಡ್ತೈತಿ ಅಂತ ಅವ್ರ ಬರದಾರ. 12,400 ಯಾತಕ್ಕ? 640 ರೂಪಾಯಿ ಬ್ರೇಕ್ ಸ್ವಿಚ್ ಅದು, ಪೆಡಲ್ ಒತ್ತಿದ್ದು ತಿಳಿಸೂದು.
ನಾಲ್ಕು ವೈರ್‌ ಇರ್ತಾವು, ಒಳಗ ಎರಡು ಸರ್ಕ್ಯೂಟ್. ಪೆಡಲ್ ಮ್ಯಾಲೆ ಕಾಲಿಲ್ಲದಾಗ ದೀಪದ ಸರ್ಕ್ಯೂಟ್ ಬಿಟ್ಟಿರ್ತೈತಿ, ಎರಡನೇದು ಕೂಡಿರ್ತೈತಿ. ಒತ್ತಿದ್ರ ಉಲ್ಟಾ. ಎರಡರಾಗ ಯಾವುದು ಅಲುಗಾಡಿದ್ರೂ ಇಸಿಯು (ಇಂಜಿನ್ ನಡೆಸೂ ಕಂಪ್ಯೂಟರ್) ಕ್ರೂಸ್ ಬಿಡ್ತೈತಿ. ಜಾಯಿಂಟ್ ಮ್ಯಾಲೆ ಪೆಡಲ್ ಒಂದು ಕೂದಲೆಳೆ ನಡುಗಿದ್ರ ಸವದ ಸ್ವಿಚ್ಚಿನ ಎರಡನೇ ಸರ್ಕ್ಯೂಟ್ ಬಿಡ್ತೈತಿ, ದೀಪದ್ದು ಇನ್ನೂ ಕೂಡಿರೂದಿಲ್ಲ. ಅದಕ್ಕ ಬ್ರೇಕ್ ದೀಪ ಹತ್ತತೈತಿ, ಸ್ವಿಚ್ ಚಲೋ ಐತಿ ಅನ್ನೂ ಲೆಕ್ಕ ತಪ್ಪು. ಕನೆಕ್ಟರ್ ಬಿಚ್ಚಿ ಎರಡನೇ ಜೋಡಿಗೆ ಮಲ್ಟಿಮೀಟರಿನ ಬೀಪ್ ಹಚ್ಚರಿ, ಪೆಡಲ್ ಪಕ್ಕದಿಂದ ಮೆಲ್ಲಕ ತಟ್ಟರಿ. ಬೀಪ್ ಹರೀತಂದ್ರ ಸಿಕ್ಕಂಗ.
ಹೊಸಾದು ಹಾಕೂ ಮುಂದ ಪೆಡಲ್ ಒತ್ತಿ ಹಿಡೀರಿ, ಪ್ಲಂಜರ್ (ಸ್ವಿಚ್ಚಿನ ಕಡ್ಡಿ) ಪೂರಾ ಹೊರಗ ಎಳೀರಿ, ಸ್ವಿಚ್ ತೂರಿಸಿ ತಿರುವಿ ಲಾಕ್ ಮಾಡ್ರಿ, ಆಮ್ಯಾಲೆ ಪೆಡಲ್ ಬಿಡ್ರಿ. ತಾನ ಅಡ್ಜಸ್ಟ್ ಆಗೂ ಜಾತಿಯವು ಬಹಳಷ್ಟು ಒಮ್ಮೆ ಮಾತ್ರ ಕೂಡ್ತಾವು, ತಗದು ಮತ್ತ ಹಾಕಿದ್ರ ಅಂತರ ತಪ್ಪತೈತಿ.

ಐದನೇ ಗೇರ್
ರಿಬ್ಬನ್ನಿನಲ್ಲಿ ಹಾರ್ನಿಗೊಂದು ಟ್ರ್ಯಾಕ್, ಕ್ರೂಸಿಗೊಂದು ಟ್ರ್ಯಾಕ್. ಹಾರ್ನ್ ಹೊಡೆದ ಮಾತ್ರಕ್ಕೆ ಸ್ಪ್ರಿಂಗ್ ಸರಿ ಅಂತ ಹೇಗೆ ಹೇಳ್ತೀರಿ? 640 ರೂಪಾಯಿ ಸ್ವಿಚ್ ಮಾರೋರು ಎಲ್ಲಾದಕ್ಕೂ ಸ್ವಿಚ್ಚೇ ಅಂತಾರೆ.

ಧಾರವಾಡ ಡೀಸೆಲ್
ನಾ ಅಂಗಡಿ ಇಟ್ಟಿಲ್ಲ. ಸ್ಪ್ರಿಂಗ್ ಹೋಗಿದ್ರ ಸ್ಟೀರಿಂಗ್ ತಿರುವಿದಾಗ ಕಟ್ ಆಗಬೇಕು, ಜಾಯಿಂಟ್ ಮ್ಯಾಲೆ ಅಲ್ಲ. ಮ್ಯಾಲಾಗಿ, ಬಟನ್ನಿಗೊಂದು ರೆಸಿಸ್ಟರ್ ಇರೂ ಸಾದಾ ಗಾಡಿಯೊಳಗ ಆ ಲೈನ್ ಕ್ಷಣ ಬಿಟ್ರ ಇಸಿಯು ಯಾವ ಬಟನ್ನೂ ಒತ್ತಿಲ್ಲ ಅಂತ ತಿಳೀತೈತಿ, ಅಷ್ಟ, ಕ್ರೂಸ್ ಬಿಡೂದಿಲ್ಲ. ನಿಮ್ಮ 14,260ರ ಸಿಟ್ಟು ನನ್ನ ಮ್ಯಾಲೆ ತೀರಿಸಬ್ಯಾಡ್ರಿ.

ಕುಡ್ಲ ಘಾಟಿ
ಇಬ್ರೂ ಜಗಳ ಮಾಡ್ತಾ ಇದ್ದೀರಿ, ಕ್ಲಚ್ ಸ್ವಿಚ್ ಒಂದು ಉಂಟು ಅಂತ ಯಾರೂ ಹೇಳುದಿಲ್ಲ. ಮ್ಯಾನ್ಯುಯಲ್ ಗಾಡಿ ಅಲ್ವಾ ಮಾರಾಯ್ರೇ? ಕೆಲವು ಗಾಡಿಯಲ್ಲಿ ಎರಡು ಉಂಟು: ಕೆಳಗಿನದ್ದು ಸ್ಟಾರ್ಟ್ ಮಾಡ್ಲಿಕ್ಕೆ, ಮೇಲಿನದ್ದು ಕ್ರೂಸಿಗೆ. ವರ್ಕ್‌ಶಾಪಿನವರು ಕೆಳಗಿನದ್ದು ಬದಲಿಸಿ 1,150 ತಗೊಂಡ್ರು, ಕ್ರೂಸ್ ಹಾಗೇ ಕಟ್ ಆಗ್ತಾ ಇತ್ತು. ಮೇಲಿನದ್ದಕ್ಕೆ ಮತ್ತೆ 980. ಕೊನೆಗೆ ನೋಡಿದ್ರೆ ಪೆಡಲಿನ ತೋಳಿನಲ್ಲಿ ಪ್ಲಂಜರ್ ತಾಗುವ ಪ್ಲಾಸ್ಟಿಕ್ ಬುಷ್ ಪುಡಿಯಾಗಿ ಬಿದ್ದಿತ್ತು. ಅದಕ್ಕೆ 40 ರೂಪಾಯಿ. ಫ್ಲೋರ್ ಮ್ಯಾಟ್ ಎತ್ತಿ ನೋಡಿ, ಪ್ಲಾಸ್ಟಿಕ್ ಚೂರು ಸಿಕ್ಕಿದ್ರೆ ಮತ್ತೆ ಸ್ಕ್ಯಾನರ್ ಬೇಡ. ಬ್ರೇಕಿನಲ್ಲಿ ಆ ಬುಷ್ ಉದುರಿದ್ರೆ ದೀಪ ಆರುದೇ ಇಲ್ಲ, ಬೆಳಗ್ಗೆಗೆ ಬ್ಯಾಟರಿ ಖಾಲಿ.

ಜುಗಾಡ್ 48
ಕ್ಲಚ್ ಸ್ವಿಚ್ಚಿನ ಎರಡು ವೈರ್ ಸೇರಿಸಿ ಟೇಪ್ ಸುತ್ತಿ. ಖರ್ಚು ಸೊನ್ನೆ.

ಕುಡ್ಲ ಘಾಟಿ
ಇಂಥ ಸಲಹೆ ಕೊಡ್ಲೇಬೇಡಿ. ಟೆಸ್ಟಿಗೆ ಎರಡು ನಿಮಿಷ ಸೇರಿಸುದು ಬೇರೆ. ಹಾಗೇ ಬಿಟ್ರೆ ಕ್ರೂಸಿನಲ್ಲಿ ಇರುವಾಗ ಕ್ಲಚ್ ಒತ್ತಿದ್ದು ಇಸಿಯುಗೆ ಗೊತ್ತೇ ಆಗುದಿಲ್ಲ, ವೇಗ ಹಿಡೀಲಿಕ್ಕೆ ಡೀಸೆಲ್ ಸುರೀತದೆ, ಆರ್‌ಪಿಎಂ ಕೆಂಪು ಗೆರೆಗೆ ಹೋಗ್ತದೆ. ಕೆಲವು ಸ್ವಿಚ್ ಒತ್ತಿದಾಗ ಕೂಡುವ ಜಾತಿ, ಅದನ್ನು ಸೇರಿಸಿದ್ರೆ ಕ್ರೂಸ್ ಹಿಡಿಯುದೇ ಇಲ್ಲ.

ಜುಗಾಡ್ 48
ಆಯ್ತು ಗುರುಗಳೇ. ನನ್ನ ಗಾಡಿ ಓಡ್ತಾನೇ ಇದೆ.

ಮಲ್ಟಿಮೀಟರ್ ಮಾವ
ಇಷ್ಟು ಜನ ಬರೆದ್ರಿ, ಲೈವ್ ಡೇಟಾ (ಗಾಡಿ ಓಡುವಾಗಲೇ ಸ್ಕ್ಯಾನರ್ ತೋರಿಸೋ ಸಿಗ್ನಲ್) ಅಂತ ಒಬ್ಬರೂ ಅನ್ನಲಿಲ್ಲವಲ್ಲ. ಚೆಕ್ ಇಂಜಿನ್ ದೀಪ ಇಲ್ಲ ಅಂದ್ರೆ ಕೋಡ್ ಇಲ್ಲ ಅಂತಲ್ಲ, ಪೆಂಡಿಂಗ್ ಕೋಡ್ (ದೀಪ ಹತ್ತಿಸುವಷ್ಟು ಇನ್ನೂ ಖಚಿತವಾಗದ ದೋಷದ ಗುರುತು) ನೋಡಿ. ಪಿ0504 ಇದ್ರೆ ಬ್ರೇಕ್ ಸ್ವಿಚ್ಚಿನ ಎರಡು ಸಿಗ್ನಲ್ ಒಂದಕ್ಕೊಂದು ಹೊಂದುತ್ತಿಲ್ಲ. ಪಿ0571 ಇದ್ರೂ ಬ್ರೇಕ್ ಸ್ವಿಚ್ ಸರ್ಕ್ಯೂಟೇ. ಪಿ0704, ಪಿ0830 ಕ್ಲಚ್ ಕಡೆ. ಪಿ0564ರಿಂದ ಮುಂದಿನ ಕೆಲವು ಸ್ಟೀರಿಂಗ್ ಬಟನ್ ಕಡೆ. ಕೋಡೇ ಇಲ್ಲದಿದ್ರೆ ಬ್ರೇಕ್ 1, ಬ್ರೇಕ್ 2 (ಬ್ರೇಕ್ ಸ್ವಿಚ್ಚಿನ ಎರಡು ಸಿಗ್ನಲ್), ಕ್ಲಚ್, ವಾಹನದ ವೇಗ, ಈ ನಾಲ್ಕನ್ನೇ ಆರಿಸಿ ರೆಕಾರ್ಡ್ ಹಾಕಿ, ಪಕ್ಕದಲ್ಲಿ ಕೂತವರು ನೋಡಲಿ. ಇಪ್ಪತ್ತು ಸಾಲು ಒಟ್ಟಿಗೆ ಹಾಕಿದ್ರೆ ರಿಫ್ರೆಶ್ ನಿಧಾನ ಆಗಿ ಆ ಒಂದು ಕ್ಷಣದ ಜಿಗಿತ ಕಾಣೋದೇ ಇಲ್ಲ. ಅಗ್ಗದ ಇಎಲ್‌ಎಂ327 (ಫೋನಿಗೆ ಜೋಡಿಸೋ ಸ್ಕ್ಯಾನರ್) ನಕಲಿಗಳಲ್ಲಿ ಬ್ರೇಕ್ 2 ಸಿಗೋದೂ ಕಷ್ಟ, ಕಂಪನಿವಾರು ಡೇಟಾ ಓದೋ ಸ್ಕ್ಯಾನರ್ ಇರೋ ಗ್ಯಾರೇಜಿಗೆ 500-600 ಕೊಡಿ.
ಹಿಂದಿನ ಬಲ್ಬಿಗೆ ಎಲ್‌ಇಡಿ ಹಾಕ್ಸಿದೀರಾ? ಹಳೇ ಕೆಲವು ಕಾರುಗಳ ಕ್ರೂಸ್ ಮಾಡ್ಯೂಲ್ ಬ್ರೇಕ್ ಬಲ್ಬಿನ ತಂತಿಯ ಮೂಲಕವೇ ಅರ್ತ್ ಹುಡುಕುತ್ತೆ, ಎಲ್‌ಇಡಿ ಹಾಕಿದ್ರೆ ಕ್ರೂಸ್ ಹಿಡಿಯೋದೇ ಇಲ್ಲ. ನಿಮ್ಮದು ಹಿಡಿದು ಬಿಡ್ತಿದೆ, ಹಾಗಾಗಿ ಅದಲ್ಲ.

ತೋಟದ ಮನೆ
ವೈರಿಂಗ್ ನೋಡಿ ಮೊದಲು. ಚಕ್ರದ ಸ್ಪೀಡ್ ಸೆನ್ಸರ್ ವೈರ್ ಇಲಿ ಕಡಿದು 4,300 ಬಿಲ್. ಬಾನೆಟ್ ಒಳಗೆ ಹೊಗೆಸೊಪ್ಪು ಕಟ್ಟಿ.

ಧಾರವಾಡ ಡೀಸೆಲ್
ಅವರದು ಎಬಿಎಸ್ ದೀಪ ಹತ್ತಿಲ್ಲ. ಆ ವೈರ್ ಹರದ್ರ ಹತ್ತಿರ್ತಿತ್ತು.

ಐದನೇ ಗೇರ್
ಹೊಗೆಸೊಪ್ಪಿಗೆ ಇಲಿ ಕ್ಯಾರೇ ಅನ್ನಲ್ಲ, ಘಾಟು ಮಾತ್ರ ಎಸಿ ಒಳಗೆ ಬರುತ್ತೆ. ಕೆಳಗಿಂದ ಕಬ್ಬಿಣದ ಜಾಲರಿ ಹಾಕ್ಸಿ.

ತೋಟದ ಮನೆ
ಜಾಲರಿ ಹಾಕಿದ್ರೆ ಇಲಿ ಚಕ್ರ ಹತ್ತಿ ಬರುತ್ತೆ ಸ್ವಾಮಿ. ಸಂಜೆ ಬಾನೆಟ್ ಎತ್ತಿಟ್ಟು ಬೆಳಕು ಬಿಡಿ, ಬಿಸಿ ಇಂಜಿನ್ನಿನ ಕತ್ತಲಲ್ಲೇ ಅದು ಕೂರೋದು.

ಜುಗಾಡ್ 48
2023ರ ಆಗಸ್ಟ್ 1ರಿಂದ ಆ ಎಕ್ಸ್‌ಪ್ರೆಸ್‌ವೇಲಿ ಬೈಕು ಆಟೋ ಇಲ್ಲ, ರಸ್ತೆ ಖಾಲಿ, ಮಿತಿ 100. ಕಾಲಲ್ಲೇ ಒತ್ತಿ, ಕ್ರೂಸ್ ಯಾಕೆ?

ಮಲ್ಟಿಮೀಟರ್ ಮಾವ
ಟೇಪ್ ಸುತ್ತಿದವರು ಕಾಲಲ್ಲೇ ಒತ್ತೋದು ಒಳ್ಳೇದು. ಮಂಡ್ಯದವರೇ, ಎಸ್ಟಿಮೇಟ್ ಹಾಳೆಯಲ್ಲಿ ಫಾಲ್ಟ್ ಕೋಡ್ ಬರೆದು ಕೊಟ್ಟಿದ್ದಾರಾ? ಇಲ್ಲದಿದ್ರೆ ಬರೆಸಿಕೊಳ್ಳಿ, ಆಮೇಲೆ ಪಾರ್ಟ್ ಆರ್ಡರ್. ಎಲೆಕ್ಟ್ರಿಕಲ್ ಪಾರ್ಟ್ ಪೊಟ್ಟಣ ಒಡೆದ್ರೆ ಸಾಮಾನ್ಯವಾಗಿ ವಾಪಸ್ ತಗೊಳಲ್ಲ.