ಜಿಲ್ಲಾ ಪಂಚಾಯಿತಿ ಚುನಾವಣೆ ಯಾಕೆ ಇಷ್ಟು ತಡ?

ಪ್ರಶ್ನೆ: ಜಿಲ್ಲಾ, ತಾಲ್ಲೂಕು ಪಂಚಾಯಿತಿಗೆ ನಾವು ಓಟು ಹಾಕಿದ್ದು 2016ರಲ್ಲಿ. 2021ಕ್ಕೆ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಅಧಿಕಾರಿಗಳದ್ದೇ ದರ್ಬಾರು. ನಮ್ಮೂರ ಹಳ್ಳದ ಮೋರಿ ಕುಸಿದಿದೆ, ಹಾಲಿನ ಕ್ಯಾನು ಹೊತ್ತುಕೊಂಡೇ ದಾಟುತ್ತೇವೆ. ಮೊದಲಾದರೆ ಮೆಂಬರ್ ಮನೆ ಮುಂದೆ ಕೂಗಾಡಬಹುದಿತ್ತು. ಈಗ ಯಾರ ಜುಟ್ಟು ಹಿಡಿಯೋದು?

ಉತ್ತರ 1: ಕ್ಷೇತ್ರ ವಿಂಗಡಣೆ, ಮೀಸಲಾತಿ ಕೆಲಸವನ್ನು 2021ರಲ್ಲಿ ಕಾನೂನು ತಿದ್ದಿ ರಾಜ್ಯ ಚುನಾವಣಾ ಆಯೋಗದ ಕೈಯಿಂದ ತೆಗೆದರು. ಅಲ್ಲಿಂದ ಬರೀ ಪಟ್ಟಿ, ತಕರಾರು, ಕೋರ್ಟು.

ಉತ್ತರ 2: ಮೆಂಬರ್ ಇದ್ದಾಗ ಮೋರಿ ನೆಟ್ಟಗಿತ್ತಾ ಅಣ್ಣ? ಕಂಟ್ರಾಕ್ಟು ಅವರ ಭಾವಮೈದನಿಗೇ ಅಲ್ವಾ?

ಪ್ರಶ್ನೆ ಕೇಳಿದವರು: ಇರಲಿ ಮಾರಾಯ. ಅವನು ಐದು ವರ್ಷಕ್ಕೊಮ್ಮೆಯಾದರೂ ಕೈಮುಗಿದು ಬರುತ್ತಿದ್ದ. ಅಧಿಕಾರಿಗೆ ವರ್ಗ ಆದರೆ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಅಂತ ಸಂವಿಧಾನದ 243ಇ ವಿಧಿಯೇ ಹೇಳುತ್ತದೆ. ತಡವಾದರೆ ಶಾಸಕರ ಅನುದಾನಕ್ಕೂ ಬೀಗ ಹಾಕಲಿ, ಆಗ ನೋಡಿ ಎಷ್ಟು ಬೇಗ ದಿನಾಂಕ ಬರುತ್ತೆ!